ಎರಡನೇ ಗುಟುಕು

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವೇನು ಮಾಡುತ್ತಿದ್ದಿರಿ? ಅವರೆಕಾಯಿ ಬಿಡಿಸುತ್ತಿದ್ದಿರಿ ತಾನೇ? ನಾನು ಜೆ.ಪಿ. ನಗರದಲ್ಲಿ ಕೂತು ಬಿಯರ್ ಕುಡಿಯುತ್ತಿದ್ದೆ.

(ಅಮ್ಮ ಈ ಅಂಕಣವನ್ನು ತಪ್ಪದೆ ಓದುತ್ತಾಳೆ. ಅಮ್ಮಾ, ಸ್ವಲ್ಪವೇ ಸ್ವಲ್ಪ. ತೀರ್ಥದಷ್ಟು. ಮೊದಲು ಪೂರ್ತಿ ಓದು, ಆಮೇಲೆ ಬೈ.)

ಅದೂ ಎಂಥ ಬಿಯರ್ ಅಂತೀರಿ! ಚಕ್ಕೆ, ಲವಂಗ, ಜಾಯಿಕಾಯಿ, ಕಿತ್ತಳೆ ಸಿಪ್ಪೆ, ಬೆಲ್ಲ. ಕೇಳಿದರೆ ಬಾಣಂತಿಗೆ ಕೊಡುವ ಲೇಹ್ಯದ ಸಾಮಾನಿನ ಹಾಗಿದೆ ಅಲ್ಲವೇ? ಚಳಿ ದೇಶಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೀಗೆ ಮಸಾಲೆ ಹಾಕಿ ಒಂದು ಬಿಯರ್ ಮಾಡುತ್ತಾರಂತೆ. ವಿಂಟರ್ ಏಲ್ ಎಂದು ಹೆಸರು. ನಮ್ಮ ಬೆಂಗಳೂರಿನ ವಿಂಟರ್ ಎಷ್ಟರದ್ದು ಎಂದು ನಿಮಗೆ ಗೊತ್ತು. ಸ್ವೆಟರ್ ಹಾಕಿದರೆ ಸೆಖೆ, ತೆಗೆದರೆ ನೆಗಡಿ. ಆದರೂ ಡಿಸೆಂಬರ್ ರಜಾ ಬಂತೆಂದರೆ ನಮಗೂ ಒಂದು ವಿಂಟರ್ ಬೇಕೇ ಬೇಕು.

ಈ ಬಿಯರ್ ಮಾಡಿದವನು ತೇಜಸ್. ನನ್ನ ಕಾಲೇಜು ಗೆಳೆಯ ಸೀನನ ಅಳಿಯ. ಜೆ.ಪಿ. ನಗರದ ಒಂದು ಮೈಕ್ರೋಬ್ರೂವರಿಯಲ್ಲಿ, ಅಂದರೆ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗದಲ್ಲಿ, ಬಿಯರ್ ಮಾಡುವುದೇ ಅವನ ಕೆಲಸ. "ಅಳಿಯಂದಿರು ಏನ್ಮಾಡ್ತಾರೆ?" ಎಂದು ಯಾರಾದರೂ ಕೇಳಿದರೆ ಸೀನ ಗಂಟಲು ಸರಿಮಾಡಿಕೊಂಡು "ಫರ್ಮೆಂಟೇಶನ್ ಲೈನಲ್ಲಿದಾರೆ" ಅನ್ನುತ್ತಾನೆ. ಕೇಳಿದವರು ಇಡ್ಲಿ ಹಿಟ್ಟಿನ ಫ್ಯಾಕ್ಟರಿ ಇರಬೇಕು ಅಂದುಕೊಂಡು ತಲೆಯಾಡಿಸುತ್ತಾರೆ. ಸೀನನೂ ತಿದ್ದಲು ಹೋಗುವುದಿಲ್ಲ.

ಸೀನನ ವಿಷಯಕ್ಕೆ ಬರುವ ಮೊದಲು ನಾಗೇಶನ ವಿಷಯ ಹೇಳಬೇಕು. ಅವನಿಲ್ಲದೆ ಈ ಕಥೆಯೇ ಇಲ್ಲ.

ನಾವು ನಾಲ್ವರು. ಬನಶಂಕರಿಯ ಸೀನ, ಹನುಮಂತನಗರದ ನಾಗೇಶ, ಜಯನಗರದ ಪದ್ಮ ಉರುಫ್ ಪದ್ದಿ, ಗಿರಿನಗರದ ನಾನು. ಜಯನಗರದ ಒಂದು ಕಾಲೇಜಿನಲ್ಲಿ ಒಟ್ಟಿಗೆ ಬಿ.ಎಸ್ಸಿ. ಓದಿದವರು. ಓದಿದವರು ಅನ್ನುವುದಕ್ಕಿಂತ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂತವರು ಅನ್ನುವುದು ಸರಿ. ಆ ಕ್ಯಾಂಟೀನಿನಲ್ಲೇ ನಾಗೇಶನ ನಾಲಿಗೆ ಪ್ರಸಿದ್ಧವಾಗಿದ್ದು. ಒಂದು ತುತ್ತು ಬಾಯಿಗಿಟ್ಟು "ಇವತ್ತಿನ ಸಾಂಬಾರಿಗೆ ನಿನ್ನೆ ಬೇಳೆ ಸೇರಿದೆ" ಅನ್ನುತ್ತಿದ್ದ. ಅಡುಗೆ ಭಟ್ಟರು ಒಳಗಿನಿಂದ ಬಂದು "ಯಾರಪ್ಪಾ ಅದು ಹೇಳಿದ್ದು?" ಎಂದು ಹುಡುಕುತ್ತಿದ್ದರು. ಬೈಯಲು ಬಂದವರು ಕೊನೆಗೆ ಅವನಿಗೇ ಚಟ್ನಿ ರುಚಿ ನೋಡಲು ಕೊಟ್ಟು ಹೋಗುತ್ತಿದ್ದರು.

ಅವನ ಬಲಗಣ್ಣಿನ ಹುಬ್ಬಿದೆಯಲ್ಲ, ಅದೇ ಮೀಟರು. ರುಚಿಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅದು ತಾನಾಗಿ ಮೇಲೇರುತ್ತದೆ. ಬಾಯಿ ಆಮೇಲೆ ತೆರೆಯುತ್ತದೆ.

ಇಂಥ ನಾಲಿಗೆ ಇರುವವನಿಗೆ ಮದುವೆ ಊಟ ಅಂದರೆ ಸುಮ್ಮನೇನಾ? ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತು. ಮದುವೆಮನೆಯಲ್ಲಿ ಉಂಡು, ತಾಂಬೂಲದ ಚೀಲ ಹಿಡಿದು, ಛತ್ರದ ಗೇಟು ದಾಟಿ ಆಟೋ ಹತ್ತಿದ ತಕ್ಷಣ ಊಟದ ವಿಮರ್ಶೆ ಶುರುವಾಗಬೇಕು. ಹುಡುಗ ಹೇಗೆ, ಹುಡುಗಿ ಹೇಗೆ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ಪಾಯಸ. ಗೇಟಿನ ಒಳಗೆ "ಊಟ ಅದ್ಭುತ", ಗೇಟಿನ ಹೊರಗೆ ಸತ್ಯ. ಇದು ನೂರಾರು ವರ್ಷಗಳಿಂದ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ಯಾರಿಗೂ ನೋವಿಲ್ಲ.

ಕೆಡಿಸಿದ್ದು ಮೊಬೈಲು.

ಹೋದ ವರ್ಷ ಸೀನನ ಮಗಳು ಅನಘಾಳ ಮದುವೆಯಾಯಿತು. ಇದೇ ತೇಜಸ್ ಜೊತೆ. ನಾಗೇಶ ಉಂಡು, ಆಟೋ ಹತ್ತಿ, ಮದುವೆಗೆ ಬರಲಾಗದ ತನ್ನ ತಮ್ಮನಿಗೆ ಊಟದ ವರದಿ ಕಳಿಸಿದ. "ಮಜ್ಜಿಗೆಹುಳಿ ಫಸ್ಟ್ ಕ್ಲಾಸ್. ಬಾತ್ ಪಾಸ್. ಹೋಳಿಗೆ ಮಾತ್ರ ರಬ್ಬರ್. ಗಿರಿನಗರದಲ್ಲಿ ಒಂದ್ ತುದಿ ಹಿಡಿದು ಎಳೆದ್ರೆ ಇನ್ನೊಂದ್ ತುದಿ ತಲಘಟ್ಟಪುರಕ್ಕೆ ಮುಟ್ಟತ್ತೆ."

ಅದು ತಮ್ಮನಿಗೆ ಹೋಗಲಿಲ್ಲ. ಸೀನನೇ ಮಾಡಿದ್ದ ಮದುವೆಯ ವಾಟ್ಸ್ಯಾಪ್ ಗ್ರೂಪಿಗೆ ಹೋಯಿತು. ಅದರಲ್ಲಿ ಯಾರಿದ್ದರು? ಎರಡೂ ಕಡೆಯ ನೆಂಟರು. ಬೀಗರು. ಬೀಗರ ಅಕ್ಕಂದಿರು. ಬೀಗರ ಅಕ್ಕಂದಿರ ಸೊಸೆಯರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ವಾಟ್ಸ್ಯಾಪ್ ಬರುವುದಕ್ಕೆ ಮುಂಚೆ. ಈಗ ಆಡಿದ ಮಾತು ಹೋಗುವುದೂ ಇಲ್ಲ. ನಾಗೇಶ ಗಾಬರಿಯಿಂದ ಡಿಲೀಟ್ ಮಾಡಿದ. ಡಿಲೀಟ್ ಆಯಿತು ಎಂದು ಅಲ್ಲೊಂದು ಸಾಲು ಬಂತು. ಓದಿಲ್ಲದವರು "ಏನಿತ್ತು, ಏನಿತ್ತು?" ಎಂದು ಕೇಳತೊಡಗಿದರು. ಓದಿದವರು ಹೇಳತೊಡಗಿದರು. ಛತ್ರದಲ್ಲಿ ಇನ್ನೂ ಕೊನೆಯ ಪಂಕ್ತಿ ನಡೆಯುತ್ತಿತ್ತು. ಸೀನ ಪಂಚೆ ಉಟ್ಟುಕೊಂಡು ಎಲೆಯ ಸಾಲುಗಳ ನಡುವೆ "ನಿಧಾನವಾಗಿ ಊಟ ಮಾಡಿ, ಇನ್ನೊಂದ್ ಹೋಳಿಗೆ ಹಾಕಿಸ್ಕೊಳಿ" ಎಂದು ಉಪಚಾರ ಮಾಡುತ್ತಿದ್ದ. ಆಗ ಬೀಗರ ಕಡೆಯವರೊಬ್ಬರು ಎಲೆಯ ಮೇಲಿನ ಹೋಳಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ತೋರಿಸಿ ನಕ್ಕರಂತೆ. ಸೀನನೂ ಅವರ ಜೊತೆ ನಕ್ಕನಂತೆ. ಮಗಳ ಮದುವೆಯಲ್ಲಿ ಅಪ್ಪ ಇನ್ನೇನು ಮಾಡಿಯಾನು?

ಮಾರನೇ ದಿನ ನಾಗೇಶ ಹಣ್ಣು ಹಿಡಿದುಕೊಂಡು ಕ್ಷಮೆ ಕೇಳಲು ಹೋದ. ಸೀನ ಜಗಳವಾಡಲಿಲ್ಲ. ಅದೇ ತಪ್ಪಾಗಿದ್ದು. ಕೂರಿಸಿದ. ಬಂದ ನೆಂಟರಿಗೆ ಕೊಡುವ ಒಳ್ಳೆಯ ಲೋಟದಲ್ಲಿ ಕಾಫಿ ಕೊಟ್ಟ. "ಪರವಾಗಿಲ್ಲ ಬಿಡಿ, ನಾಗೇಶ್ ಅವರೇ" ಅಂದ.

ಮೂವತ್ತು ಚಿಲ್ಲರೆ ವರ್ಷ 'ಲೋ' ಅಂದವನು ಒಂದು ದಿನ ಹೀಗೆ ಮರ್ಯಾದೆ ಕೊಟ್ಟರೆ ಕೇಳಿದವನಿಗೆ ಹೇಗಾಗಬೇಡ? ನಾಗೇಶ ಕಾಫಿ ಪೂರ್ತಿ ಕುಡಿಯದೆ ಎದ್ದು ಬಂದ. ಆಮೇಲೆ ಇಬ್ಬರೂ ಒಬ್ಬರಿರುವ ಕಡೆ ಇನ್ನೊಬ್ಬರು ಬರುವುದನ್ನು ಬಿಟ್ಟರು. ಇವನ ಹುಟ್ಟುಹಬ್ಬಕ್ಕೆ ಅವನಿಗೆ ಸೊಂಟ ನೋವು, ಅವನ ಮನೆಯ ಸತ್ಯನಾರಾಯಣ ಪೂಜೆಗೆ ಇವನಿಗೆ ಮೈಸೂರಿನಲ್ಲಿ ಕೆಲಸ. ನಾನು, ಪದ್ದಿ ಎರಡು ಕಡೆಯೂ ಹಾಜರಿ ಹಾಕಿ ಎರಡು ಕಡೆಯೂ ತಿಂದು ದಪ್ಪಗಾದೆವು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ನಾಗೇಶ ರುಚಿ ಹೇಳುವುದನ್ನೇ ಬಿಟ್ಟ. ಯಾರು ಏನು ಕೊಟ್ಟರೂ ತಿಂದು "ಚೆನ್ನಾಗಿದೆ" ಅನ್ನುತ್ತಿದ್ದ. ಹೋಟೆಲಿನಲ್ಲಿ ಹುಳಿ ಬಂದ ಚಟ್ನಿಗೂ ಚೆನ್ನಾಗಿದೆ. ಸೀದ ದೋಸೆಗೂ ಚೆನ್ನಾಗಿದೆ. ಪದ್ದಿ ಒಮ್ಮೆ ಬೇಕೆಂದೇ ಉಪ್ಪಿಲ್ಲದ ಉಪ್ಪಿಟ್ಟು ಮಾಡಿ ಅವನ ಮುಂದಿಟ್ಟಳು. ತಟ್ಟೆ ಖಾಲಿ ಮಾಡಿ, ಕೈ ತೊಳೆದುಕೊಂಡು ಬಂದು, "ಚೆನ್ನಾಗಿತ್ತು ಪದ್ದಿ" ಅಂದ. ಮಕ್ಕಳಿಗೆ ಗಣಿತ ಹೇಳಿಕೊಡುವ, ಯಾವುದಕ್ಕೂ ಜಗ್ಗದ ಹೆಂಗಸು ಅವಳು. ಅವತ್ತು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. "ನಾಗೇಶ ಸತ್ತೇ ಹೋದ ಕಣೇ" ಎಂದು ನನಗೆ ಫೋನು ಮಾಡಿದಳು. ಅರೆಕ್ಷಣ ನನ್ನ ಎದೆ ಧಸಕ್ಕೆಂದಿತು.

(ನಮ್ಮ ಮನೆಯವರಿಗೆ ಈ ವಿಷಯ ಹೇಳಿದೆ. "ಅದರಲ್ಲೇನು? ಚೆನ್ನಾಗಿದೆ ಅನ್ನೋದು ಒಳ್ಳೇದಲ್ವಾ? ನಾನೂ ಹಾಗೇ ಅಂತೀನಲ್ಲ" ಅಂದರು. ಹೌದು, ಇವರು ಮದುವೆಯಾದಾಗಿನಿಂದ ನನ್ನ ಅಡುಗೆಗೆ ಹಾಗೇ ಅನ್ನುತ್ತಾರೆ. ನನಗದು ಹೆಮ್ಮೆಯ ವಿಷಯ.)

ಈಗ ಬಿಯರಿಗೆ ಬರುತ್ತೇನೆ. ಹೋದ ವಾರ ತೇಜಸ್ ಫೋನು ಮಾಡಿದ.

"ಆಂಟಿ, ಸಂಡೇ ಬೆಳಿಗ್ಗೆ ಫ್ರೀ ಇದೀರಾ? ನಾನೊಂದು ವಿಂಟರ್ ಏಲ್ ಮಾಡಿದೀನಿ. ಕ್ರಿಸ್‌ಮಸ್‌ಗೆ ಬಿಡಬೇಕು. ಅದಕ್ಕೆ ಮುಂಚೆ ನಿಮ್ಮ ಗ್ಯಾಂಗ್ ಬಂದು ಟೇಸ್ಟ್ ಮಾಡ್ಬೇಕು. ಮಾವ ಬರ್ತಾರೆ, ಪದ್ಮಾ ಆಂಟಿ ಬರ್ತಾರೆ."

"ನಮಗೇನಪ್ಪಾ ಗೊತ್ತಾಗತ್ತೆ? ನಿನ್ನ ಫ್ರೆಂಡ್ಸ್‌ನ ಕರಿ."

"ಕರೆದಿದ್ದೆ ಆಂಟಿ. ಎಲ್ಲಾ 'ಸಖತ್ತಾಗಿದೆ ಮಗಾ, ಬೆಂಕಿ' ಅಂದ್ರು. ಅದೇ ನಂಗೆ ಭಯ." ಆಮೇಲೆ ದನಿ ತಗ್ಗಿಸಿದ. "ಆಂಟಿ, ಹೋಳಿಗೆ ಅಂಕಲ್‌ನ ಕರ್ಕೊಂಡು ಬರಕ್ಕಾಗತ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಮದುವೆಯ ಹುಡುಗನೂ ಆ ಗ್ರೂಪಿನಲ್ಲಿದ್ದನಲ್ಲ!

"ನಿಮ್ಮಾವ ಇರ್ತಾನಲ್ಲೋ?"

"ಇರ್ಲಿ ಆಂಟಿ. ಅಷ್ಟು ಜನದಲ್ಲಿ ನಿಜ ಹೇಳಿದ್ದು ಅವರೊಬ್ರೇ. ನಂಗೆ ಅವರೇ ಬೇಕು."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹುಡುಗನಿಗೆ ಮಾತ್ರ ತಾನು ಮಾಡಿದ್ದರ ಮೇಲೇ ಅನುಮಾನ. ಅಂಥವರನ್ನು ಕಂಡರೆ ನನಗೆ ಇಷ್ಟ. ಕರೆದುಕೊಂಡು ಬರುತ್ತೇನೆ ಅಂದೆ. ನಾಗೇಶನಿಗೆ "ಜೆ.ಪಿ. ನಗರದಲ್ಲಿ ಒಂದು ಕೆಲಸ ಇದೆ, ಜೊತೆಗೆ ಬಾ" ಎಂದಷ್ಟೇ ಹೇಳಿದೆ. ಹೇಳಿದ್ದರಲ್ಲಿ ಸುಳ್ಳೇನಿದೆ?

ಜನ ಬರುವ ಹೊತ್ತಿಗಿಂತ ಮುಂಚೆ ಮೈಕ್ರೋಬ್ರೂವರಿ ನೋಡಿದ್ದೀರಾ? ಮಹಡಿಯ ಮೇಲೆ ದೊಡ್ಡ ಹಾಲು. ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕೂತಿವೆ. ಒಬ್ಬರು ನೆಲ ಒರೆಸುತ್ತಿದ್ದಾರೆ. ಮೂಲೆಯಲ್ಲಿ ಹತ್ತಿ ಅಂಟಿಸಿದ ಕ್ರಿಸ್‌ಮಸ್ ಮರ, ಗಾಜಿನ ಆಚೆ ಹೊಳೆಯುವ ಸ್ಟೀಲಿನ ಟ್ಯಾಂಕುಗಳು. ನಡುವಿನ ಮೇಜಿನ ಹತ್ತಿರ ಹಣೆಗೆ ಕುಂಕುಮ ಇಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಸೀನ ಕೂತಿದ್ದಾನೆ. ಎದುರಿಗೆ ಒಂದು ಸ್ಟೀಲ್ ಡಬ್ಬಿ.

ಧನುರ್ಮಾಸ ನೋಡಿ. ಬೆಳಕು ಹರಿಯುವ ಮುಂಚೆ ದೇವಸ್ಥಾನಕ್ಕೆ ಹೋಗಿ, ಹುಗ್ಗಿ ಪ್ರಸಾದ ತೆಗೆದುಕೊಂಡು, ಅದನ್ನು ನಮಗೆಲ್ಲ ಡಬ್ಬಿಯಲ್ಲಿ ತಂದಿದ್ದ.

"ಸೀನ, ಬೆಳಿಗ್ಗೆ ಹುಗ್ಗಿ, ಹನ್ನೊಂದಕ್ಕೆ ಬಿಯರಾ? ದೇವರಿಗೆ ಏನ್ ಹೇಳ್ತೀಯ?" ಎಂದು ಪದ್ದಿ ಕೆಣಕಿದಳು.

"ಅಳಿಯ ಕರೆದಾಗ ಇಲ್ಲ ಅನ್ನಕ್ಕಾಗತ್ತೇನೆ? ಒಂದೇ ಗುಟುಕು. ದೇವರಿಗೂ ಅಳಿಯಂದಿರಿರ್ತಾರೆ" ಎಂದು ಅವನು ನಗುತ್ತ ತಲೆಯೆತ್ತಿದ. ನನ್ನ ಹಿಂದೆ ನಾಗೇಶ ನಿಂತಿದ್ದ. ನಗು ನಿಂತಿತು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಕ್ರಿಸ್‌ಮಸ್ ಮರ ನೋಡಿದೆ.

"ಬನ್ನಿ, ಕೂತ್ಕೊಳಿ" ಅಂದ ಸೀನ. ಹುಗ್ಗಿಯನ್ನು ಕಾಗದದ ಬಟ್ಟಲಿಗೆ ಹಾಕಿ "ತಗೊಳಿ, ಪ್ರಸಾದ" ಎಂದು ನಾಗೇಶನ ಕಡೆ ಸರಿಸಿದ. ನಾಗೇಶ ಕಣ್ಣಿಗೊತ್ತಿಕೊಂಡು ತಿಂದ. "ಚೆನ್ನಾಗಿದೆ" ಅಂದ. ಪದ್ದಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಚಪ್ಪಲಿ ಹಾಕಿದ್ದಳು, ನೋವಾಯಿತು.

ಅಷ್ಟರಲ್ಲಿ ತೇಜಸ್ ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ಬಿಯರ್ ತಂದಿಟ್ಟ. ಬೆಲ್ಲದ ಪಾನಕದ ಬಣ್ಣ, ಮೇಲೆ ತೆಳ್ಳಗೆ ನೊರೆ. ಮೂಗಿನ ಹತ್ತಿರ ತಂದರೆ ಹಬ್ಬದ ಹಿಂದಿನ ದಿನ ಮಸಾಲೆ ಹುರಿಯುವ ಅಡುಗೆಮನೆಯ ವಾಸನೆ. ಹುಡುಗ ಮಾತ್ರ ಕೂರಲೇ ಇಲ್ಲ. ಯಾಕೆಂದು ಅವನೇ ಹೇಳಿದ.

"ಇಷ್ಟು ದಿನ ಓನರ್ ಕೊಟ್ಟ ರೆಸಿಪಿ ಮಾತ್ರ ಮಾಡ್ತಿದ್ದೆ. ಇದು ನಂದೇ, ಫಸ್ಟ್ ಟೈಮ್. ಹಿಂದೆ ಬಿದ್ದು ಒಪ್ಪಿಸಿದೀನಿ. ರಜಾದಲ್ಲಿ ಇದು ಓಡ್ಲಿಲ್ಲ ಅಂದ್ರೆ ಇನ್ನೊಂದ್ ಚಾನ್ಸ್ ಕೊಡಲ್ಲ. ಮತ್ತೆ ಟ್ಯಾಂಕ್ ತೊಳ್ಕೊಂಡಿರ್ಬೇಕು."

ಕುಡಿದೆವು.

ಏನು ಹೇಳಲಿ? ಬಾಯಿಗೆ ಹೋದ ಕೂಡಲೇ ಲವಂಗ. ನುಂಗಿದ ಮೇಲೆ ಲವಂಗ. ನಾಲಿಗೆಯ ತುದಿ ಜುಮ್ಮೆಂದಿತು. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಬರುವ ರುಚಿ ಗೊತ್ತಲ್ಲ, ಅದೇ. ನನ್ನ ಕೆಳಗಿನ ದವಡೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

"ಸೂಪರ್! ಎಕ್ಸಲೆಂಟ್!" ಎಂದು ಕೂಗಿದವನು ಸೀನ. ಗುಟುಕು ಇನ್ನೂ ಗಂಟಲು ದಾಟಿರಲಿಲ್ಲ.

"ತುಂಬಾ... ಡಿಫರೆಂಟಾಗಿದೆ" ಅಂದಳು ಪದ್ದಿ. (ಬೆಂಗಳೂರಿನಲ್ಲಿ 'ಡಿಫರೆಂಟ್' ಅಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕೇ?)

"ಕ್ರಿಸ್‌ಮಸ್ ಫೀಲಿಂಗ್ ಬರ್ತಿದೆ ಕಣಪ್ಪ" ಎಂದವಳು ನಾನು. ಎಲ್ಲರಿಗಿಂತ ದೊಡ್ಡ ಸುಳ್ಳು ನನ್ನದೇ. ಬರೆದು ಅಭ್ಯಾಸ.

ಉಳಿದವನು ನಾಗೇಶ. ಗ್ಲಾಸು ಎತ್ತಿ ಬೆಳಕಿಗೆ ಹಿಡಿದ. ಮೂಸಿದ. ಸಣ್ಣ ಗುಟುಕು ತೆಗೆದುಕೊಂಡು ಬಾಯೊಳಗೆ ಹೊರಳಿಸಿ ಕಣ್ಣು ಮುಚ್ಚಿದ. ಬಲಗಡೆಯ ಹುಬ್ಬು ನಿಧಾನಕ್ಕೆ ಮೇಲೇರತೊಡಗಿತು. ಒಂದು ವರ್ಷವಾಗಿತ್ತು ಅದನ್ನು ನೋಡಿ! ನಾನು, ಪದ್ದಿ ಉಸಿರು ಬಿಗಿಹಿಡಿದು ಕೂತೆವು. ಹುಬ್ಬು ಇನ್ನೇನು ಕೂದಲಿಗೆ ಮುಟ್ಟಬೇಕು, ಅಷ್ಟರಲ್ಲಿ ನಾಗೇಶ ಕಣ್ಣು ತೆರೆದ. ಎದುರಿಗೆ ಸೀನನ ಮುಖ ಕಂಡಿತು. ಹುಬ್ಬು ಇಳಿಯಿತು.

"ಚೆನ್ನಾಗಿದೆ" ಅಂದ.

ತೇಜಸ್ ನಮ್ಮ ಗ್ಲಾಸುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಎಲ್ಲರೂ ಸೂಪರ್ ಅಂತೀರಾ. ನನ್ನ ಫ್ರೆಂಡ್ಸೂ ಅಂದ್ರು. ಆದ್ರೆ ಯಾರೂ ಎರಡನೇ ಗುಟುಕು ತಗೊಳ್ತಾ ಇಲ್ಲ."

ನಾವು ಗ್ಲಾಸು ನೋಡಿಕೊಂಡೆವು. ನಿಜ. ನಾಲ್ಕಕ್ಕೆ ನಾಲ್ಕೂ ಹೆಚ್ಚುಕಡಿಮೆ ತುಂಬಿದ್ದವು. ನಮ್ಮ ಬಾಯಿ ಒಂದು ಹೇಳಿತ್ತು, ಗ್ಲಾಸು ಇನ್ನೊಂದು ಹೇಳುತ್ತಿತ್ತು. ಪದ್ದಿ ನಾಚಿಕೆಯಿಂದ ಗ್ಲಾಸಿಗೆ ಕೈ ಹಾಕಿದಳು. "ಬೇಡ ಆಂಟಿ, ಹೇಳಿದೆ ಅಂತ ಕುಡೀಬೇಡಿ" ಅಂದ ಹುಡುಗ.

ಯೋಚಿಸಿ ನೋಡಿ. ಇವತ್ತು ನಮಗೆ ಯಾವುದು ಸೂಪರ್ ಅಲ್ಲ? ಗೃಹಪ್ರವೇಶಕ್ಕೆ ಹೋದರೆ ಮನೆ ಸೂಪರ್. ಆ ಮನೆಯ ಮಗು ಕೀಬೋರ್ಡು ನುಡಿಸಿದರೆ ಸೂಪರ್. ಡ್ರೈವರು ಸಿಗ್ನಲ್ ಹಾರಿಸಿ ನಮ್ಮ ಪ್ರಾಣ ತೆಗೆದರೂ ಇಳಿದ ಮೇಲೆ ಐದು ಸ್ಟಾರು. ಪಾಪ, ಯಾಕೆ ಬೇಜಾರು ಮಾಡುವುದು ಅನ್ನುತ್ತೇವೆ. ಎದುರಿನವರಿಗೆ ಬೇಜಾರಾಗಬಾರದು ಎಂದೋ, ನಮಗೆ ತಲೆನೋವು ಬೇಡ ಎಂದೋ? ನನ್ನನ್ನು ಕೇಳಿದರೆ ಎರಡನೆಯದೇ. ನಿಜ ಹೇಳಿದರೆ ಆಮೇಲೆ ಕೂತು ಸರಿಮಾಡುವ ಕೆಲಸದಲ್ಲಿ ನಾವೂ ಕೈ ಹಾಕಬೇಕಾಗುತ್ತದೆ. ಸೂಪರ್ ಅಂದುಬಿಟ್ಟರೆ ಮನೆಗೆ ಹೋಗಬಹುದು.

ಆದರೆ ಆ ಮಾತು ನಾಟಿದ್ದು ನನಗಲ್ಲ. ಸೀನನಿಗೆ. ಅವನು ಅಳಿಯನ ಮುಖವನ್ನೇ ನೋಡುತ್ತ ಕೂತಿದ್ದ. ಆಮೇಲೆ ನಾಗೇಶನ ಕಡೆ ತಿರುಗಿದ.

"ನಿನ್ನ ಹುಬ್ಬು ಮೇಲೆ ಹೋಗಿದ್ದು ನೋಡಿದೆ. ಏನು ಅಂತ ಹೇಳೋ."

ಹೇಳೋ! ಪದ್ದಿ ಮತ್ತೆ ನನ್ನ ಕಾಲು ತುಳಿದಳು. ಈ ಸಲ ನೋವಾಗಲಿಲ್ಲ.

ನಾಗೇಶ ತಲೆ ತಗ್ಗಿಸಿದ. "ಬೇಡ ಸೀನ. ಒಂದ್ಸಲ ಹೇಳಿ ಅನುಭವಿಸಿದ್ದು ಸಾಕಾಗಿದೆ. ನಿಮ್ಮನೆ ವಿಷಯದಲ್ಲಿ ನಾನಿನ್ನು ಬಾಯಿ ಬಿಡಲ್ಲ."

"ಲೋ, ಹುಡುಗ ಕೇಳ್ತಿದಾನೆ. ಅವನ ಕೆಲಸದ ಪ್ರಶ್ನೆ. ನಾವೆಲ್ಲ ಬಾಯಿಗೆ ಬಂದ ಸುಳ್ಳು ಹೇಳಿದ್ದಾಯ್ತು. ನೀನೂ ಹೇಳ್ಬಿಟ್ಟು ಹೋಗ್ತೀಯ? ಹೇಳೋ ಅಂದ್ರೆ!"

ನಾಗೇಶ ಗ್ಲಾಸು ಮತ್ತೆ ಕೈಗೆತ್ತಿಕೊಂಡ. ಎರಡನೇ ಗುಟುಕು ತೆಗೆದುಕೊಂಡವನು ಅವನೊಬ್ಬನೇ. ಅದೂ ಮೆಚ್ಚಿಕೊಂಡಲ್ಲ, ತಪ್ಪು ಹುಡುಕಲು.

"ಲವಂಗ ಜಾಸ್ತಿ ಆಗಿದೆ" ಎಂದ, ತೇಜಸ್‌ನ ಕಡೆ ತಿರುಗಿ. "ಜಾಸ್ತಿ ಅಂದ್ರೆ ಸಿಕ್ಕಾಪಟ್ಟೆ. ಲವಂಗ ಯಾವ ಅಡಿಗೇಲೂ ನೆಂಟನ ಥರ ಇರ್ಬೇಕು. ಬಂದ, ಕೂತ, ಹೋದ. ಇಲ್ಲಿ ಮನೆ ಯಜಮಾನ ಆಗ್ಬಿಟ್ಟಿದಾನೆ. ಹುರಿದು ಹಾಕಿದ್ಯಾ?"

"ಹೂಂ ಅಂಕಲ್, ಫ್ಲೇವರ್ ಬರ್ಲಿ ಅಂತ."

"ಸೀದಿದೆ, ಸ್ವಲ್ಪ. ಅದರ ಹಿಂದೆ ಜಾಯಿಕಾಯಿ ಇದೆ, ಪಾಪ, ಅದರ ಧ್ವನಿನೇ ಕೇಳಿಸ್ತಿಲ್ಲ. ಇನ್ನು ಕಿತ್ತಳೆ ಸಿಪ್ಪೆ. ಒಳಗಿನ ಬಿಳೀದು ಕೆರೆದು ತೆಗೀಲಿಲ್ಲ ಅಲ್ವಾ? ಕೊನೇಲಿ ಕಹಿ ಬರ್ತಿರೋದು ಅದೇ." ಇಷ್ಟು ಹೇಳಿ ಗ್ಲಾಸು ಕೆಳಗಿಟ್ಟ. ಇಟ್ಟವನು ಸೇರಿಸಿದ: "ಆದ್ರೆ ಬೆಲ್ಲ ಹಾಕಿದೀಯಲ್ಲ, ಅದು ಸರಿಯಾಗಿದೆ. ಅದ್ಭುತವಾಗಿದೆ. ಅದನ್ನ ಮಾತ್ರ ಮುಟ್ಬೇಡ."

ನೀವು ಆ ಹುಡುಗನ ಮುಖ ನೋಡಬೇಕಿತ್ತು. ಬೈಸಿಕೊಂಡು ಇಷ್ಟು ಖುಷಿಪಟ್ಟವರನ್ನು ನಾನು ಈಚೆಗೆ ಕಂಡಿಲ್ಲ. ಆ ಕೊನೆಯ 'ಅದ್ಭುತ'ದ ಬೆಲೆಯೇ ಬೇರೆ. ನಮ್ಮ ಮೂರು ಸೂಪರುಗಳನ್ನು ಸೇರಿಸಿದರೂ ಅದರ ಕಾಲು ಭಾಗ ಆಗುತ್ತಿರಲಿಲ್ಲ.

"ಅಂಕಲ್, ಒಂದ್ನಿಮಿಷ" ಎಂದು ಒಳಗೆ ಓಡಿದ. ಮಸಾಲೆ ಹಾಕದ ಅದೇ ಬಿಯರು ಇನ್ನೊಂದು ಟ್ಯಾಂಕಿನಲ್ಲಿತ್ತಂತೆ. ಎರಡನ್ನೂ ಜಗ್ಗುಗಳಲ್ಲಿ ತಂದ. ಬೆರೆಸತೊಡಗಿದರು. ಇದು ಅರ್ಧ, ಅದು ಅರ್ಧ. ಬೇಡ, ಇನ್ನೂ ಲವಂಗ ಮುಂದೆ ಬರುತ್ತಿದೆ. ಅದು ಇನ್ನಷ್ಟು ಹಾಕು. ಈಗ ನೀರಾಯಿತು, ಮಸಾಲೆ ಕಡೆ ಸ್ವಲ್ಪ ಬಾ. ಅಡುಗೆಮನೆಯಿಂದ ಒಂದು ಕಿತ್ತಳೆ ಹಣ್ಣು ತರಿಸಿ, ಮೇಲಿನ ಸಿಪ್ಪೆಯನ್ನು ಮಾತ್ರ ತೆಳ್ಳಗೆ ಹೆರೆದು ಹಾಕಿ ನೋಡಿದರು. ನಾಗೇಶ ಕುರ್ಚಿ ಬಿಟ್ಟು ಎದ್ದು ನಿಂತಿದ್ದ, ತೋಳು ಮಡಚಿಕೊಂಡಿದ್ದ. ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ಕ್ಯಾಂಟೀನಿನ ನಾಗೇಶ ವಾಪಸು ಬಂದಿದ್ದ. ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು. ಲವಂಗದ ಘಾಟು ಅಂತ ಹೇಳಿ ಒರೆಸಿಕೊಂಡೆ.

ಕೊನೆಗೆ ಒಂದು ಗ್ಲಾಸು ನಮ್ಮ ಮುಂದೆ ಬಂತು. ಮೊದಲು ಬೆಲ್ಲ, ಆಮೇಲೆ ಚಕ್ಕೆ, ಎಲ್ಲೋ ದೂರದಲ್ಲಿ ಕಿತ್ತಳೆ. ಲವಂಗ ಬಂದು ಕೂತು, ಕುಶಲ ವಿಚಾರಿಸಿ, ಎದ್ದು ಹೋಯಿತು. ಯಾರೂ ಏನೂ ಹೇಳಲಿಲ್ಲ. ನಾನು ನೋಡುತ್ತಿದ್ದೆ, ತೇಜಸ್ ಕೂಡ ನೋಡುತ್ತಿದ್ದ. ಪದ್ದಿ ಗ್ಲಾಸು ಕೆಳಗಿಟ್ಟಳು. ಹುಗ್ಗಿ ಒಂದು ಚಮಚ ತಿಂದಳು. ಆಮೇಲೆ, ಯಾರೂ ಹೇಳದೆ, ಗ್ಲಾಸು ಮತ್ತೆ ಎತ್ತಿಕೊಂಡಳು.

"ಆಂಟಿ, ಎರಡನೇ ಗುಟುಕು!" ಎಂದು ಹುಡುಗ ಕುಣಿದೇಬಿಟ್ಟ.

"ಏನು? ಕುಡೀಬಾರ್ದಿತ್ತಾ?" ಎಂದು ಪದ್ದಿ ಕಕ್ಕಾಬಿಕ್ಕಿಯಾದಳು.

ಅವನು ಜಗ್ಗು ಹಿಡಿದು ಒಳಗೆ ಹೋದ ಮೇಲೆ ಮೇಜಿನ ಸುತ್ತ ನಾವು ನಾಲ್ವರೇ ಉಳಿದೆವು. ಸೀನ ಒಂದೇ ಗುಟುಕು ಎಂಬ ತನ್ನ ವ್ರತ ಮರೆತಿದ್ದ. ಗ್ಲಾಸು ತಿರುಗಿಸುತ್ತ, ಯಾರನ್ನೂ ನೋಡದೆ ಹೇಳಿದ:

"ಹೋಳಿಗೆ ಹಿಂದಿನ ದಿನಾನೇ ಮಾಡ್ಸಿದ್ದು ಕಣೋ. ಅಡಿಗೆಯವರಿಗೆ ಜನ ಕಮ್ಮಿ ಬಿದ್ರು. ಇವತ್ತೇ ಲಟ್ಟಿಸಿಟ್ರೆ ನಾಳೆ ಗಟ್ಟಿಯಾಗತ್ತೆ ಸಾರ್ ಅಂದ್ರು ಅವರು. ಪರವಾಗಿಲ್ಲ ಮಾಡಿ ಅಂದವನು ನಾನೇ."

ನಾಗೇಶ ತಲೆಯೆತ್ತಿದ.

"ಪಂಕ್ತಿ ಮುಗಿದ್ಮೇಲೆ ಎಲೆಗಳನ್ನ ನೋಡ್ದೆ. ಒಂದೊಂದ್ ಎಲೇಲೂ ಅರ್ಧರ್ಧ ಹೋಳಿಗೆ. ಬಂದೋರೆಲ್ಲ ಕೈ ಕುಲುಕಿ, ಊಟ ಸೂಪರ್ ಅಂತ ಹೇಳಿ ಹೋಗ್ತಾನೇ ಇದ್ರು. ನಿನ್ನ ಮೆಸೇಜು ಸುಳ್ಳಾಗಿದ್ದಿದ್ರೆ ನಗಾಡಿ ಬಿಡ್ತಿದ್ದೆ. ನಿಜ ಆಗಿತ್ತಲ್ಲ, ಅದಕ್ಕೇ ಅಷ್ಟು ಉರೀತು. ಒಂದು ವರ್ಷ ನನ್ನ ತಪ್ಪನ್ನ ನಿನ್ಮೇಲೆ ಹಾಕಿ ಕೂತಿದ್ದೆ."

"ನಾನು ಗ್ರೂಪಲ್ಲಿ ಹಾಕಿದ್ದು ತಪ್ಪೇ ಸೀನ."

"ತಪ್ಪೇ. ಬೀಗರ ಮುಂದೆ ಮಾನ ಹೋಯ್ತು. ಅದನ್ನೇನೂ ನಾನು ಇಲ್ಲ ಅನ್ನಲ್ಲ." ಸೀನ ನಕ್ಕ. "ಫೆಬ್ರವರಿಯಲ್ಲಿ ಅನಘಾ ಸೀಮಂತ. ನೀನು ಎಲೆ ಮುಂದೆ ಕೂರೋ ಹಾಗಿಲ್ಲ. ಬೆಳಿಗ್ಗೆನೇ ಬಂದು ಅಡಿಗೆಮನೇಲಿ ಕೂರ್ಬೇಕು. ಹುಬ್ಬು ಮೇಲೆ ಹೋಗಿದ್ದು ಯಾವುದೂ ಎಲೆಗೆ ಬರಬಾರದು. ಮೊಬೈಲು ಮಾತ್ರ ನನ್ಹತ್ರ ಕೊಟ್ಬಿಡು."

ನಾಗೇಶ ತನ್ನ ಮುಂದಿದ್ದ ಕಾಗದದ ಬಟ್ಟಲನ್ನು ಎಳೆದುಕೊಂಡು, ಉಳಿದಿದ್ದ ಹುಗ್ಗಿಯನ್ನು ಬಾಯಿಗಿಟ್ಟ. ಅಗಿದ. ಹುಬ್ಬು ಏರಿತು.

"ಮೆಣಸು ಹೊಸದು, ಘಮ್ಮಂತಿದೆ. ಗೋಡಂಬಿ ಸೀದಿದೆ."

"ಲೋ, ಪ್ರಸಾದಕ್ಕೂ ರಿವ್ಯೂ ಹೇಳ್ತೀಯೇನೋ!" ಎಂದು ಸೀನ ಎರಡು ಕೆನ್ನೆಗೂ ತಟ್ಟಿಕೊಂಡ. ಪದ್ದಿ ನಕ್ಕು ನಕ್ಕು ಕೆಮ್ಮಿದಳು. ನೆಲ ಒರೆಸುತ್ತಿದ್ದವರು ತಿರುಗಿ ನೋಡಿದರು. ಈ ವಯಸ್ಸಾದವರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಏರಿದೆ ಅಂದುಕೊಂಡಿರಬೇಕು.

ಮನೆಗೆ ಬಂದೆ. ಬೆಳಿಗ್ಗೆಯೇ ಅನ್ನಕ್ಕಿಟ್ಟು, ಸಾರು ಮಾಡಿಟ್ಟು ಹೋಗಿದ್ದೆ. ನಮ್ಮ ಮನೆಯವರು ತಾವೇ ಬಡಿಸಿಕೊಂಡು ಉಂಡಾಗಿತ್ತು. "ಸಾರು ಹೇಗಿತ್ತು?" ಎಂದು ಕೇಳಿದೆ. ಪೇಪರಿನಿಂದ ತಲೆಯೆತ್ತದೆ "ಚೆನ್ನಾಗಿತ್ತು" ಅಂದರು. ನಾನು ಖುಷಿಯಿಂದ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದೆ. ಸಾರು ಅರ್ಧಕ್ಕರ್ಧ ಹಾಗೇ ಉಳಿದಿತ್ತು.

ಇಷ್ಟು ವರ್ಷ ಇವರು ಚೆನ್ನಾಗಿದೆ ಅಂದ ಸಾರು ಅದು. ಹಾಗಾದರೆ ದಿನಾ ಫ್ರಿಜ್ಜಿಗೆ ಹೋಗುವ ಈ ಅರ್ಧ ಪಾತ್ರೆ ಯಾರದ್ದು?